ಐರ್ಲೆಂಡಿನ ಖಾಲಿ ಇಗರ್ಜಿಯ ಬಗ್ಗೆ ಕೇಳಿದ ತಂಗಿಗೆ

ಪ್ರೀತಿಯ ತಂಗಿ,

ಕಾರ್ಕಳದಿಂದ ಬಂದು ಐದು ತಿಂಗಳಾಯಿತು, ಆಸ್ಪತ್ರೆಯ ಕೆಲಸ ಒಗ್ಗಿದೆ, ಮಳೆಗಾಳಿಯೂ ಒಗ್ಗುತ್ತಿದೆ, ಭಾನುವಾರ ಮಾತ್ರ ಒಗ್ಗುತ್ತಿಲ್ಲ ಎಂದು ಬರೆದಿದ್ದೀರಿ. ಕ್ಯಾಥೋಲಿಕರ ದೇಶವೆಂದು ನಂಬಿ ಬಂದ ನಿಮಗೆ, ನಾನೂರು ಜನ ಕೂರಬಹುದಾದ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮೂವತ್ತು ನಲವತ್ತು ನರೆತ ತಲೆಗಳಷ್ಟೇ ಕಂಡಿವೆ. ತಾವು ಕ್ಯಾಥೋಲಿಕರೆಂದೇ ಹೇಳಿಕೊಳ್ಳುವ ಸಹೋದ್ಯೋಗಿಗಳು ಮದುವೆಗೆ, ಸಾವಿಗೆ ಬಿಟ್ಟರೆ ಅದರೊಳಗೆ ಕಾಲಿಡುವುದಿಲ್ಲ. ಟ್ಯೂಮ್ ಊರಿನ ಮಕ್ಕಳ ಸುದ್ದಿ ಓದಿದ ಮೇಲೆ ನಿಮಗೂ ಜಪ ನಾಲಿಗೆಗೆ ಬರುತ್ತಿಲ್ಲ. ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಪೂಜೆಗೆ ಹೋಗಿದ್ದೀಯಾ ಎಂದು ಕೇಳುತ್ತಾರೆ, ಏಳು ವರ್ಷದ ಮಗ ಮೊದಲ ಬಾರಿಗೆ ಪೂಜೆಯ ಪವಿತ್ರ ರೊಟ್ಟಿ ಸ್ವೀಕರಿಸುವ, ಪ್ರಥಮ ಪರಮಪ್ರಸಾದದ ವರ್ಷ ಎದುರಿಗಿದೆ. ಈ ಜನರಿಗೆ ದೇವರು ಬೇಡವಾದನೇ, ನನಗೆ ಹೀಗೆ ಪ್ರಶ್ನೆ ಏಳುವುದೇ ಪಾಪವೇ ಎಂದು ಕೇಳಿದ್ದೀರಿ. ಅಕ್ಕಾ ಎಂದು ಕರೆದಿರುವುದರಿಂದ, ಇಪ್ಪತ್ತು ವರ್ಷಕ್ಕೂ ಮೀರಿ ಇಲ್ಲಿ ನರ್ಸಾಗಿ ಬದುಕಿದವಳ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಮೊದಲು ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಬಂದ ಹೊಸತರಲ್ಲಿ, ನನಗೆ ಬಹಳ ಆತ್ಮೀಯಳಾಗಿದ್ದ ಐರಿಷ್ ಸಹೋದ್ಯೋಗಿಯೊಬ್ಬಳನ್ನು, ನೀನು ಭಾನುವಾರ ಪೂಜೆಗೆ ಏಕೆ ಬರುವುದಿಲ್ಲ ಎಂದು ಚಹಾ ಕೋಣೆಯಲ್ಲಿ ಎಲ್ಲರ ಎದುರು ಕೇಳಿಬಿಟ್ಟೆ. ಅವಳು ಉತ್ತರಿಸದೆ ಲೋಟ ತೊಳೆದಿಟ್ಟು ಹೊರಟುಹೋದಳು. ಅವಳ ಸೋದರಮಾವ ಬಾಲ್ಯವಿಡೀ ಧರ್ಮಸಹೋದರರು ನಡೆಸುತ್ತಿದ್ದ ಸಂಸ್ಥೆಯೊಂದರಲ್ಲಿ ಬೆಳೆದವರು, ಅಲ್ಲಿ ನಡೆದುದನ್ನು ಸಾಯುವವರೆಗೂ ಯಾರಿಗೂ ಹೇಳಲಾಗದೆ ಕುಡಿತಕ್ಕೆ ಬಿದ್ದವರು ಎಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ. ಆದ್ದರಿಂದ ಖಾಲಿ ಬೆಂಚನ್ನು ಕಂಡು ಇವರಿಗೆ ಭಕ್ತಿಯಿಲ್ಲ ಎಂಬ ತೀರ್ಮಾನಕ್ಕೆ ಬರಬೇಡಿ. ಆ ಬೆಂಚಿನಲ್ಲಿ ಕೂರುತ್ತಿದ್ದವರ ಮನೆಯಲ್ಲಿ ಏನಾಗಿರಬಹುದು ಎಂಬುದು ನಮಗೆ ಗೊತ್ತಿರುವುದಿಲ್ಲ.

1979ರ ಸೆಪ್ಟೆಂಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲರು ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಬಲಿಪೂಜೆ ಅರ್ಪಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಆಗ ದೇಶದ ಜನಸಂಖ್ಯೆಯೇ ಸುಮಾರು 34 ಲಕ್ಷ. ಅಷ್ಟು ಗಾಢವಾಗಿ ನಂಬಿದ್ದ ಜನ ಇವರು. ವಿಚ್ಛೇದನಕ್ಕೆ ಅವಕಾಶ ಕೊಡುವ 1995ರ ಜನಮತಗಣನೆ ಗೆದ್ದದ್ದು ಸುಮಾರು ಒಂಬತ್ತು ಸಾವಿರ ಮತಗಳ ಅಂತರದಲ್ಲಿ. ಇಪ್ಪತ್ತು ವರ್ಷಗಳ ನಂತರ, 2015ರಲ್ಲಿ, ಸಲಿಂಗ ವಿವಾಹಕ್ಕೆ ಶೇಕಡಾ 62ರಷ್ಟು ಮತದಾರರು ಒಪ್ಪಿಗೆ ಕೊಟ್ಟರು. ಈ ಎರಡು ಜನಮತಗಣನೆಗಳ ನಡುವೆ ಬಂದದ್ದೇ 2009ರ ಎರಡು ತನಿಖಾ ವರದಿಗಳು. ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ದಶಕಗಟ್ಟಲೆ ನಡೆದ ಹಿಂಸೆಯನ್ನು ರಾಯನ್ ವರದಿ ಬಯಲಿಗಿಟ್ಟರೆ, ದೌರ್ಜನ್ಯವೆಸಗಿದ ಪಾದ್ರಿಗಳ ಬಗ್ಗೆ ಬಂದ ದೂರುಗಳನ್ನು ಡಬ್ಲಿನ್ ಧರ್ಮಪ್ರಾಂತ್ಯದಲ್ಲಿ ಹೇಗೆ ಮುಚ್ಚಿಡಲಾಯಿತು ಎಂಬುದನ್ನು ಮರ್ಫಿ ವರದಿ ತೋರಿಸಿತು. ಜನರನ್ನು ಹೆಚ್ಚು ನೋಯಿಸಿದ್ದು ಆ ಮುಚ್ಚಿಡುವಿಕೆ ಎಂದು ನನಗೆ ಅನ್ನಿಸಿದೆ. ಪಾಪ ಮನುಷ್ಯಸಹಜ ಎಂದು ಇಲ್ಲಿಯ ಅಜ್ಜಿಯರೂ ಒಪ್ಪುತ್ತಾರೆ. ಪಾಪನಿವೇದನೆಯ ಗೂಡಿನಲ್ಲಿ ತಮ್ಮಿಂದ ಚಿಕ್ಕಪುಟ್ಟ ತಪ್ಪುಗಳನ್ನೂ ಹೇಳಿಸಿಕೊಂಡ ಪಾದ್ರಿಗಳೇ ತಮ್ಮ ದೊಡ್ಡ ತಪ್ಪನ್ನು ಬಚ್ಚಿಟ್ಟರು ಎಂಬುದನ್ನು ಅವರಿಗೆ ಸಹಿಸಲಾಗಲಿಲ್ಲ.

ನೀವು ಓದಿದ ಟ್ಯೂಮ್ ಪ್ರಕರಣ ಹೊರಬಂದದ್ದು ಸ್ಥಳೀಯ ಇತಿಹಾಸವನ್ನು ಆಸಕ್ತಿಯಿಂದ ಹುಡುಕುತ್ತಿದ್ದ ಕ್ಯಾಥರೀನ್ ಕಾರ್ಲೆಸ್ ಎಂಬ ಮಹಿಳೆಯ ಪ್ರಯತ್ನದಿಂದ. ಅವಿವಾಹಿತ ತಾಯಂದಿರಿಗಾಗಿ ಕನ್ಯಾಸ್ತ್ರೀಯರು 1925ರಿಂದ 1961ರವರೆಗೆ ನಡೆಸಿದ ಅಲ್ಲಿನ ಆಶ್ರಯಗೃಹದಲ್ಲಿ ಸತ್ತ 796 ಮಕ್ಕಳ ಮರಣ ದಾಖಲೆಗಳನ್ನು ಅವರು ಒಟ್ಟುಮಾಡಿದರು. ಆ ಮಕ್ಕಳನ್ನು ಎಲ್ಲಿ ಹೂಳಲಾಯಿತು ಎಂಬ ದಾಖಲೆ ಮಾತ್ರ ಸಿಗಲಿಲ್ಲ. ಆ ಜಾಗದ ನೆಲದಡಿಯ ಕೋಣೆಗಳಲ್ಲಿ ಶಿಶುಗಳ ಅವಶೇಷಗಳಿರುವುದನ್ನು 2017ರಲ್ಲಿ ತನಿಖಾ ಆಯೋಗ ಖಚಿತಪಡಿಸಿತು. ಇಂತಹ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದಾರೆ ಎಂದು 2021ರ ಅಂತಿಮ ವರದಿ ಹೇಳಿತು. ಇದನ್ನು ಓದಿದ ಮೇಲೂ ನಿಮಗೆ ಏನೂ ಅನ್ನಿಸದೆ ಜಪ ಸರಾಗವಾಗಿ ಬಂದಿದ್ದರೆ ನಾನು ಹೆಚ್ಚು ಚಿಂತಿಸುತ್ತಿದ್ದೆ. ಹೆಸರಿಲ್ಲದೆ ಮಣ್ಣಾದ ಕೂಸಿನ ಪರವಾಗಿ ಮನಸ್ಸು ಕೇಳುವ ಪ್ರಶ್ನೆ ದೇವರಿಗೆ ಎದುರಾದದ್ದೆಂದು ನಾನು ಒಪ್ಪಲಾರೆ.

ನನ್ನ ಪ್ರಶ್ನೆ ಹುಟ್ಟಿದ್ದು ಬೇರೆ ಸಾವಿನಿಂದ. ನಮ್ಮ ಬೆಳಗಾವಿಯಿಂದ ಬಂದು ಇಲ್ಲಿ ದಂತವೈದ್ಯೆಯಾಗಿದ್ದ 31 ವರ್ಷದ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಗಾಲ್ವೇ ನಗರದಲ್ಲಿ ತೀರಿಕೊಂಡರು. ಹದಿನೇಳು ವಾರದ ಗರ್ಭ ನಿಲ್ಲುವುದಿಲ್ಲವೆಂದು ಗೊತ್ತಾಗಿದ್ದರೂ, ಭ್ರೂಣದ ಎದೆಬಡಿತ ಇನ್ನೂ ಇದೆಯೆಂಬ ಕಾರಣಕ್ಕೆ, ಅದನ್ನು ತೆಗೆಯಬೇಕೆಂಬ ಅವರ ಕೋರಿಕೆ ನಡೆಯಲಿಲ್ಲ. ಸೋಂಕು ರಕ್ತಕ್ಕೇರಿತು. ಇದು ಕ್ಯಾಥೋಲಿಕ್ ದೇಶ ಎಂಬ ಮಾತನ್ನು ಅವರಿಗೆ ಹೇಳಲಾಗಿತ್ತೆಂದು ಮರುವರ್ಷದ ಮರಣ ವಿಚಾರಣೆಯಲ್ಲಿ ಸಾಕ್ಷ್ಯ ಬಂತು. ಆ ಸುದ್ದಿ ಹೊರಬಿದ್ದ ದಿನಗಳಲ್ಲಿ ನಾನು ಸಮವಸ್ತ್ರ ತೊಟ್ಟು, ಕೊರಳಲ್ಲಿ ಶಿಲುಬೆ ಹಾಕಿಕೊಂಡು, ಕನ್ನಡದಲ್ಲೇ ಯೋಚಿಸುತ್ತಾ ವಾರ್ಡಿನಲ್ಲಿ ಓಡಾಡುತ್ತಿದ್ದೆ. ನಾನು ಯಾರ ಕಡೆಯವಳು ಎಂಬ ಪ್ರಶ್ನೆ ಹಗಲೂ ರಾತ್ರಿಯೂ ಬಿಡಲಿಲ್ಲ. ಗರ್ಭದೊಳಗಿನ ಜೀವ ಪವಿತ್ರವೆಂದು ಚಿಕ್ಕಂದಿನಿಂದ ನಂಬಿದವಳು ನಾನು, ಈಗಲೂ ನಂಬುತ್ತೇನೆ. ಆದರೆ ಆ ಹೆಣ್ಣುಮಗಳ ಜೀವಕ್ಕೆ ನಮ್ಮ ನಂಬಿಕೆ ಯಾವ ಉತ್ತರ ಕೊಟ್ಟಿತು ಎಂದು ಪಾಪನಿವೇದನೆಯಲ್ಲಿ ಕೇಳಿದಾಗ ಆ ವೃದ್ಧ ಪಾದ್ರಿಯವರು ಬಹಳ ಹೊತ್ತು ಸುಮ್ಮನಿದ್ದು, ನನಗೂ ಗೊತ್ತಿಲ್ಲ ಮಗಳೇ ಎಂದರು. ಪುಸ್ತಕದ ಉತ್ತರವೊಂದನ್ನು ಕೊಟ್ಟಿದ್ದರೆ ನಾನು ಇಗರ್ಜಿಯನ್ನು ಶಾಶ್ವತವಾಗಿಯೇ ಬಿಡುತ್ತಿದ್ದೆನೋ ಏನೋ. ಗರ್ಭಪಾತವನ್ನು ನಿಷೇಧಿಸಿದ್ದ 1983ರ ಸಂವಿಧಾನ ತಿದ್ದುಪಡಿಯನ್ನು 2018ರಲ್ಲಿ ಶೇಕಡಾ 66ರಷ್ಟು ಮತಗಳಿಂದ ತೆಗೆದುಹಾಕಿದಾಗ, ಜನ ನಮ್ಮ ಸವಿತಾಳ ಚಿತ್ರದ ಮುಂದೆ ಹೂವಿಟ್ಟು, ಕ್ಷಮಿಸು ಎಂದು ಚೀಟಿ ಬರೆದು ಅಂಟಿಸಿದ್ದರು. ಅವರಲ್ಲಿ ದೀಕ್ಷಾಸ್ನಾನ ಪಡೆದವರೇ ಹೆಚ್ಚಿನವರಿದ್ದಿರಬೇಕು.

ಇನ್ನು ಇವರ ನಂಬಿಕೆ ಎಲ್ಲಿ ಉಳಿದಿದೆ ಎಂಬುದು. 2016ರ ಜನಗಣತಿಯಲ್ಲಿ ಶೇಕಡಾ 79ರಷ್ಟಿದ್ದ ಕ್ಯಾಥೋಲಿಕರು 2022ರಲ್ಲಿ 69ಕ್ಕೆ ಇಳಿದರು ಎಂಬುದು ನಿಜ. ಆದರೆ ಸಹೋದ್ಯೋಗಿಯ ತಂದೆಯೋ ತಾಯಿಯೋ ತೀರಿಕೊಂಡರೆ ಒಮ್ಮೆ ಹೋಗಿ ನೋಡಿ. ಮನೆಯ ಮುಂದಿನ ಕೋಣೆಯಲ್ಲಿ ತೆರೆದ ಶವಪೆಟ್ಟಿಗೆ, ರಸ್ತೆಯವರೆಗೂ ನಿಂತ ಸಾಲು, ಎಲ್ಲರ ಕೈ ಹಿಡಿದು ಹೇಳುವ ಸಾಂತ್ವನದ ಒಂದೇ ವಾಕ್ಯ, ಅಡುಗೆಮನೆಯಲ್ಲಿ ನಿಲ್ಲದೆ ಕುದಿಯುವ ಚಹಾ, ರಾತ್ರಿ ಒಟ್ಟಾಗಿ ಹೇಳುವ ಜಪಸರ, ತಿಂಗಳ ನಂತರ ಸತ್ತವರಿಗಾಗಿ ಮತ್ತೆ ಬಲಿಪೂಜೆ. ನಮ್ಮೂರಿನಲ್ಲಿ ವಾಳೆಯವರೆಲ್ಲ, ಅಂದರೆ ಇಗರ್ಜಿಯ ನಮ್ಮ ವಾರ್ಡಿನವರೆಲ್ಲ, ಕೆಲಸ ಬಿಟ್ಟು ಸಾವಿನ ಮನೆಗೆ ಬರುತ್ತಿದ್ದುದು ನೆನಪಾಗದೆ ಇರದು. ರಾತ್ರಿ ಪಾಳಿಯಲ್ಲಿ ನಾನು ನೋಡಿಕೊಂಡ ಒಬ್ಬ ಅಜ್ಜಿ, ಹದಿನೆಂಟರ ವಯಸ್ಸಿನಲ್ಲಿ ಹೆತ್ತ ಮಗುವನ್ನು ಆಶ್ರಯಗೃಹದವರು ದತ್ತು ಕೊಟ್ಟುಬಿಟ್ಟ ಮೇಲೆ ಇಗರ್ಜಿಗೆ ಹೋಗುವುದನ್ನೇ ನಿಲ್ಲಿಸಿದವರು, ದಿಂಬಿನಡಿಯಲ್ಲಿ ಜಪಮಣಿ ಇಟ್ಟುಕೊಂಡಿದ್ದರು. ಕೊನೆಯ ರಾತ್ರಿ ಅವರು ಐರಿಷ್ ಭಾಷೆಯಲ್ಲಿ ನಮೋ ಮರಿಯಾ ಪ್ರಾರ್ಥನೆ ಶುರುಮಾಡಿದರು, ನಾನು ಕೊಂಕಣಿಯಲ್ಲಿ ಮುಗಿಸಿದೆ. ಪಾದ್ರಿಯನ್ನು ಕರೆಸಲೇ ಎಂದು ಕೇಳಿದಾಗ, ಬೇಡ, ನೀನು ಸಾಕು ಎಂದರು. ಅವರು ನಂಬಿದವರೋ ಬಿಟ್ಟವರೋ ಎಂದು ಯಾರಾದರೂ ಕೇಳಿದರೆ ನನ್ನಿಂದ ಹೇಳಲಾಗದು.

ಮಗನ ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಹತ್ತು ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಒಂಬತ್ತು ಕ್ಯಾಥೋಲಿಕ್ ಆಡಳಿತದವು. ದೀಕ್ಷಾಸ್ನಾನ ಆದವರಿಗೆ ಮೊದಲ ಆದ್ಯತೆ ಎಂಬ ಹಳೆಯ ಪದ್ಧತಿಯನ್ನು 2018ರ ಕಾನೂನು ಆ ಶಾಲೆಗಳಿಂದ ತೆಗೆದುಹಾಕಿದೆ, ಧರ್ಮಪಾಠ ಬೇಡವೆನ್ನುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ. ಆದರೆ ಬೇಡವೆಂದ ಮಗು ಎಷ್ಟೋ ಕಡೆ ತರಗತಿಯ ಹಿಂದಿನ ಸಾಲಿನಲ್ಲಿ ಬಣ್ಣ ತುಂಬುತ್ತಾ ಕೂರಬೇಕಾಗುತ್ತದೆ ಎಂಬುದನ್ನೂ ತಿಳಿದಿರಿ. ನಿಮ್ಮ ಮಗ ಎರಡನೇ ತರಗತಿಗೆ ಹೋಗುತ್ತಾನೆ, ಮೇ ತಿಂಗಳ ಹೊತ್ತಿಗೆ ಪರಮಪ್ರಸಾದ ಬರುತ್ತದೆ. ನಿಮ್ಮ ಮನಸ್ಸು ಗೊಂದಲದಲ್ಲಿದೆ ಎಂಬ ಕಾರಣಕ್ಕೆ ಅವನನ್ನು ತಡೆಯಬೇಡಿ ಎಂಬುದು ನನ್ನ ಅಭಿಪ್ರಾಯ. ನಾನು ನನ್ನ ಮಗಳನ್ನು ತಡೆಯಲಿಲ್ಲ. ಹದಿನಾರಕ್ಕೆ ಅವಳು, ಅಮ್ಮಾ, ನನಗೆ ಇದರಲ್ಲಿ ನಂಬಿಕೆಯಿಲ್ಲ ಎಂದು ನೇರವಾಗಿ ಹೇಳಿದಾಗ, ಬಿಡುವುದಕ್ಕಾದರೂ ಅವಳ ಕೈಯಲ್ಲಿ ಒಂದು ವಸ್ತು ಇತ್ತು ಎಂದು ಸಮಾಧಾನಪಟ್ಟೆ. ಆ ರಾತ್ರಿ ಅತ್ತದ್ದೂ ನಿಜ. ಪರಮಪ್ರಸಾದದ ದಿನ ಇಲ್ಲಿಯವರು ಮಾಡುವ ದುಬಾರಿ ಉಡುಪು, ಅಂಗಳದಲ್ಲಿ ಮಕ್ಕಳು ಕುಣಿಯುವ ಗಾಳಿ ತುಂಬಿದ ಕೋಟೆ, ಮಗುವಿನ ಕೈಗೆ ಬಂಧುಗಳು ತುಂಬುವ ಹಣ ಇವನ್ನೆಲ್ಲ ನೋಡಿ ಬೇಸರಪಡಬೇಡಿ. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ನಮ್ಮ ರೋಸಿನ ಸಡಗರವನ್ನು ಹೊರಗಿನವರು ನೋಡಿದರೂ ಹಾಗೆಯೇ ಕಾಣಬಹುದು. ಊರಿನ ಇಗರ್ಜಿಯಿಂದ ಮಗನ ದೀಕ್ಷಾಸ್ನಾನದ ಪತ್ರವನ್ನು ಮಾತ್ರ ಈಗಲೇ ತರಿಸಿಕೊಳ್ಳಿ, ಕೊನೆಯ ಗಳಿಗೆಯಲ್ಲಿ ಪರದಾಡಿದವರನ್ನು ಬಹಳ ಕಂಡಿದ್ದೇನೆ.

ಅಮ್ಮನಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಸುಳ್ಳು ಹೇಳಬೇಡಿ. 2012ರ ನಂತರದ ಎರಡು ವರ್ಷ ನಾನು ಪೂಜೆಗೆ ಹೋಗದೆ, ಹೋಗಿದ್ದೇನೆ ಎಂದೇ ಪ್ರತಿ ಭಾನುವಾರ ಹೇಳಿದೆ. ಆ ಸುಳ್ಳು ನನ್ನ ಮತ್ತು ದೇವರ ನಡುವೆ ಬಂದದ್ದಕ್ಕಿಂತ ಹೆಚ್ಚಾಗಿ ನನ್ನ ಮತ್ತು ಅಮ್ಮನ ನಡುವೆ ಬಂತು. ಫೋನು ಬೇಗ ಇಡತೊಡಗಿದೆ. ಕೊನೆಗೊಂದು ದಿನ ನಿಜ ಹೇಳಿದಾಗ ಅವರು ಬೈಯಲಿಲ್ಲ. ಅಪ್ಪ ತೀರಿಕೊಂಡ ವರ್ಷ ತಾವೂ ಸಂಜೆಯ ತೇರ್ಸಿಗೆ, ಅಂದರೆ ಜಪಸರಕ್ಕೆ, ಮಕ್ಕಳ ಮುಂದೆ ಕುಳಿತು ಮಣಿಯಷ್ಟೇ ಎಣಿಸುತ್ತಿದ್ದುದಾಗಿ, ಬಾಯಲ್ಲಿ ಜಪ ಇರಲಿಲ್ಲವೆಂದು ಹೇಳಿದರು. ಅದುವರೆಗೆ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ನಿಮ್ಮ ತಾಯಿಯೂ ಹೀಗೆಯೇ ಉತ್ತರಿಸುತ್ತಾರೆ ಎಂದು ನಾನು ಭರವಸೆ ಕೊಡಲಾರೆ, ಆದರೂ ಹೇಳಿ.

ಮಲಯಾಳಿ ಗೆಳತಿಯರು ಕರೆದ ಪ್ರಾರ್ಥನಾಕೂಟಕ್ಕೆ ಹೋಗಬಹುದು. ಅವರ ಸೀರೋ-ಮಲಬಾರ್ ಎಂಬ ಕೇರಳದ ಪೂಜಾವಿಧಿ ನಮ್ಮದಲ್ಲದಿದ್ದರೂ, ಕಷ್ಟಕಾಲಕ್ಕೆ ಆಗುವ ಜನ ಅವರು. ಆದರೆ ನಿಮ್ಮ ಬಡಾವಣೆಯ ಆ ಮೂವತ್ತು ನರೆತ ತಲೆಗಳನ್ನು ಪೂರ್ತಿ ಬಿಟ್ಟುಬಿಡಬೇಡಿ. ಎಲ್ಲ ವರದಿಗಳನ್ನೂ ಓದಿ, ಎಲ್ಲ ಅವಮಾನವನ್ನೂ ನುಂಗಿ, ಇನ್ನೂ ಬಂದು ಕೂರುವವರು ಅವರು. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಸೇರುವುದರಿಂದ ಪಾಳಿಯ ತೊಂದರೆಯೂ ಆಗದು. ಹೋಗಲು ಮನಸ್ಸಾಗದ ವಾರ ಹೋಗಬೇಡಿ.

ಸೆಪ್ಟೆಂಬರ್ 8ರ, ಮರಿಯಮ್ಮನ ಜನ್ಮದಿನದ ಮತ್ತು ಹೊಸ ತೆನೆಯ ಮೊಂತಿ ಹಬ್ಬಕ್ಕೆ ಗಂಡನನ್ನೂ ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬನ್ನಿ. ಭತ್ತದ ತೆನೆ ಇಲ್ಲಿ ಎಲ್ಲಿಂದ ಬರಬೇಕು, ಪಕ್ಕದ ರೈತರೊಬ್ಬರು ಪ್ರತಿ ವರ್ಷ ಓಟ್ಸ್ ತೆನೆ ಕೊಡುತ್ತಾರೆ, ಅದರ ಕಾಳನ್ನೇ ಸುಲಿದು ಹಾಲಿಗೆ ಹಾಕುತ್ತೇವೆ. ಮಗಳೂ ಅಂದು ಮನೆಯಲ್ಲಿರುತ್ತಾಳೆ. ಕಾಳು ಸುಲಿಯುವುದು ಅವಳ ಕೆಲಸ, ನಿಮ್ಮ ಮಗನಿಗೆ ಅವಳೇ ಕಲಿಸುತ್ತಾಳೆ.