ಟ್ರಿಪ್ಪಿಗೆ ಹೊರಟಿರಾ? ಮೊದಲು ಕಾಲು ನೋಡ್ಕೊಳ್ಳಿ

ಡಿಸೆಂಬರ್ ಬಂತೆಂದರೆ ಶಾಲೆಗಳ ಟ್ರಿಪ್ ಶುರು. ಈ ಸಲ ಬಂದ ಪತ್ರಗಳಲ್ಲಿ ಬಟ್ಟೆ, ಊಟ, ಟಿಕೆಟ್ ಬಗ್ಗೆ ಕೇಳಿದವರು ಕಡಿಮೆ. ಚಪ್ಪಲಿ, ಬೂಟಿನ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಕಾಲಿಗೇ ಮೀಸಲು.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಮಕ್ಕಳನ್ನು ಬಿಡದಿಯ ವಂಡರ್‌ಲಾಗೆ ಕರೆದುಕೊಂಡು ಹೋಗ್ತಾ ಇದ್ದೇವೆ. ರಾತ್ರಿ ಬಸ್, ಬೆಳಿಗ್ಗೆ ಇಳಿದು ಮುಖ ತೊಳೆದು ತಿಂಡಿ ತಿಂದು ನೇರ ಪಾರ್ಕಿಗೆ. "ಟೀಚರ್, ಹೊಸ ಬೂಟು ಕೊಡಿಸಬೇಕಾ?" ಅಂತ ಪಾಲಕರು ಫೋನ್ ಮಾಡ್ತಿದ್ದಾರೆ. ಏನು ಹೇಳಲಿ?
(ಗದಗ ತಾಲ್ಲೂಕಿನ ಓದುಗರು)

ಉತ್ತರ: ಬೇಡ ಅಂತ ಹೇಳಿ ಟೀಚರ್. ಟ್ರಿಪ್ಪಿನ ಹಿಂದಿನ ದಿನ ಕೊಂಡ ಬೂಟಿಗಿಂತ ಕೆಟ್ಟ ಬೂಟು ಇನ್ನೊಂದಿಲ್ಲ, ಬೆಲೆ ಎಷ್ಟೇ ಇರಲಿ. ಹೊಸ ಬೂಟಿನ ಹಿಮ್ಮಡಿ ಭಾಗ ಗಟ್ಟಿ ಇರುತ್ತೆ. ದಿನಾ ಒಂದಷ್ಟು ಹೊತ್ತು ಹಾಕಿಕೊಂಡು ಎರಡು ಮೂರು ವಾರ ಓಡಾಡಿದ ಮೇಲೇ ಅದು ಕಾಲಿಗೆ ಹೊಂದೋದು. ಸರ್ಕಾರಿ ಶಾಲೆ ಮಕ್ಕಳಿಗೆ ಕೊಡುವ ಕಪ್ಪು ಬೂಟು ಇದೆಯಲ್ಲ, ಅದು ಕಚ್ಚದೆ ರೂಢಿಯಾಗಿದ್ದರೆ ಧಾರಾಳವಾಗಿ ಹಾಕಿಕೊಂಡು ಬರಲಿ. ಶನಿವಾರದ ಬಿಳಿ ಕ್ಯಾನ್ವಾಸ್ ಬೂಟು ಹಗುರ, ಬೇಗ ಒಣಗುತ್ತೆ, ಆದರೆ ಅಡಿ ತೆಳು. ಇಡೀ ದಿನ ಸಿಮೆಂಟ್ ನೆಲದ ಮೇಲೆ ನಿಂತರೆ ಹಿಮ್ಮಡಿಗೆ ಪೆಟ್ಟು ನೇರವಾಗಿ ತಾಗುತ್ತೆ. ಎರಡರಲ್ಲಿ ಒಂದು ಆರಿಸಿ ಅಂದರೆ, ರೂಢಿಯಾದ ಕಪ್ಪು ಬೂಟಿಗೇ ನನ್ನ ಓಟು.

ನೀವು ಬರೆಯದೇ ಬಿಟ್ಟ ವಿಷಯ ಒಂದಿದೆ, ರಾತ್ರಿ ಬಸ್ಸಿನದ್ದು. ಗದಗದಿಂದ ಬೆಂಗಳೂರಿನವರೆಗೆ ಕಾಲು ಇಳಿಬಿಟ್ಟು ಕೂತರೆ ನೀರು ಪಾದಕ್ಕಿಳಿದು ಕಾಲು ಬಾತಿರುತ್ತೆ. ಬೆಳಿಗ್ಗೆ ಬಸ್ಸಿನಲ್ಲೇ ಅದರ ಮೇಲೆ ಬೂಟು ಬಿಗಿದುಕೊಂಡು ಇಳಿಯುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅರ್ಧ ಕ್ಲಾಸು ಕುಂಟುತ್ತಿರುತ್ತೆ. ಬಸ್ಸಿನಲ್ಲಿ ಎಲ್ಲರೂ ಚಪ್ಪಲಿಯಲ್ಲೇ ಇರಲಿ. ಚಹಾಕ್ಕೆ ನಿಲ್ಲಿಸಿದಾಗ ಎಬ್ಬಿಸಿ ನಾಲ್ಕು ಹೆಜ್ಜೆ ಓಡಾಡಿಸಿ. ಬೆಳಿಗ್ಗೆ ಮುಖ ತೊಳೆದು, ತಿಂಡಿ ತಿಂದು, ಸ್ವಲ್ಪ ಅಡ್ಡಾಡಿದ ಮೇಲೆ ಬೂಟು. ಲೇಸು ಪೂರ್ತಿ ಸಡಿಲ ಮಾಡಿ ಕಾಲು ತೂರಿಸಬೇಕು, ಹಿಮ್ಮಡಿಯನ್ನು ನೆಲಕ್ಕೆ ಒಂದು ಸಲ ಕುಟ್ಟಿ ಹಿಂದಕ್ಕೆ ಕೂರಿಸಬೇಕು, ಆಮೇಲೆ ಬಿಗಿಯಬೇಕು. ಗಂಟು ಬಿಚ್ಚದೆ ಬೂಟಿನ ಹಿಂಭಾಗ ತುಳಿದು ಕಾಲು ನುಗ್ಗಿಸೋ ಚಾಳಿ ಮಕ್ಕಳಿಗೆ ಇದ್ದೇ ಇರುತ್ತೆ, ಅದೊಂದನ್ನು ಆ ದಿನವಾದರೂ ತಪ್ಪಿಸಿ.

2005ರಲ್ಲಿ ಶುರುವಾದ ಆ ಪಾರ್ಕು ಸುಮಾರು 82 ಎಕರೆ ಇದೆ. ನಡಿಗೆ ಜಾಸ್ತಿ ಅಂತ ಎಲ್ಲರೂ ಹೆದರುತ್ತಾರೆ. ಆದರೆ ಕಾಲು ಸೋಲುವುದು ನಡಿಗೆಗಲ್ಲ, ಸಾಲಿಗೆ. ನಡೆಯುವಾಗ ಮೀನಖಂಡ ಹಿಗ್ಗಿ ಕುಗ್ಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತಾ ಇರುತ್ತೆ, ಸುಮ್ನೆ ನಿಂತರೆ ಆ ಕೆಲಸ ನಿಂತುಹೋಗುತ್ತೆ. ಸಾಲಿನಲ್ಲಿ ನಿಂತಾಗ ತುದಿಗಾಲ ಮೇಲೆ ಎದ್ದು ಇಳಿಯೋದನ್ನು ಮಕ್ಕಳಿಗೆ ಆಟದ ಥರ ಮಾಡಿಸಿ, ಸಂಜೆಗೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ಕಾಲು ಗಾಳಿಯಲ್ಲಿ ಜೋತಾಡುವ ದೊಡ್ಡ ಆಟಗಳಲ್ಲಿ ಸಡಿಲ ಚಪ್ಪಲಿ ಹಾರಿ ಕೆಳಗಿದ್ದವರ ತಲೆಗೆ ಬೀಳಬಹುದು, ಅದಕ್ಕೇ ಬಿಚ್ಚಿಡಿ ಅನ್ನುತ್ತಾರೆ. ಪ್ರತಿ ಆಟಕ್ಕೂ ಬಿಚ್ಚಿ ಹಾಕಿ ಮಾಡುವಾಗ ಒಂದು ಕಾಲಿನದು ಕಳೆದುಹೋಗೋದೂ ಉಂಟು. ಲೇಸಿನ ಬೂಟು ಅಥವಾ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆದರೆ ಆ ತಲೆನೋವು ಕಡಿಮೆ. ನೀರಿನ ಆಟಕ್ಕೆ ನೈಲಾನ್ ಬಟ್ಟೆಯ ನಿಯಮ ಇದೆ ಅಂತ ಪಾಲಕರಿಗೆ ಹೇಳುತ್ತೀರಲ್ಲ, ಅದರ ಜೊತೆಗೇ ಒಂದು ಸಣ್ಣ ಟವೆಲ್, ಒಂದು ಜೊತೆ ಒಣ ಸಾಕ್ಸ್ ಅಂತಲೂ ಸೇರಿಸಿ. ಒಣ ಆಟಗಳನ್ನು ಮೊದಲು ಮುಗಿಸಿ, ನೀರಿಗೆ ಆಮೇಲೆ ಹೋಗಿ. ಒದ್ದೆ ಕಾಲಿಗೆ ಸಾಕ್ಸ್ ಏರಿಸಿಕೊಂಡು ಮತ್ತೆ ಓಡಾಡಿದರೆ ಬೊಬ್ಬೆ ಗ್ಯಾರಂಟಿ. ನೆನೆದ ಚರ್ಮ ಮೆತ್ತಗಾಗಿರುತ್ತೆ, ಉಜ್ಜಾಟಕ್ಕೆ ಮೇಲಿನ ಪದರ ಕೆಳಗಿನ ಪದರದಿಂದ ಬಿಡುತ್ತೆ, ನಡುವೆ ನೀರು ತುಂಬಿಕೊಳ್ಳುತ್ತೆ.

ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಕಾಗದದ ಟೇಪ್ ಒಂದು ಸುರುಳಿ ನಿಮ್ಮ ಬ್ಯಾಗಿನಲ್ಲಿರಲಿ. ಯಾವ ಮಗುವಾದರೂ "ಟೀಚರ್, ಇಲ್ಲಿ ಉರೀತಿದೆ" ಅಂದ ತಕ್ಷಣ ಬೂಟು ಬಿಚ್ಚಿಸಿ, ಒರೆಸಿ, ಕೆಂಪಾದ ಜಾಗಕ್ಕೆ ಸುಕ್ಕಿಲ್ಲದ ಹಾಗೆ ಒಂದು ತುಂಡು ಅಂಟಿಸಿ. ಬೊಬ್ಬೆ ಎದ್ದೇಬಿಟ್ಟಿದ್ದರೆ ಒಡೆಯಬೇಡಿ. ತಾನಾಗೇ ಒಡೆದರೆ ಚರ್ಮ ಕೀಳದೆ ತೊಳೆದು ಮುಚ್ಚಿ.

ಪ್ರಶ್ನೆ: ಅಕ್ಕಾ, ಮನೆಯವರೆಲ್ಲ ಸೇರಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೊರಟಿದ್ದೇವೆ. ಬರುವ ವಾರ ಗದಗದ ತ್ರಿಕೂಟೇಶ್ವರ ದೇವಸ್ಥಾನಕ್ಕೂ ಹೋಗೋ ಪ್ಲಾನ್ ಇದೆ. ನಮ್ಮ ಅತ್ತೆಗೆ ತುಂಬಾ ವರ್ಷದಿಂದ ಶುಗರ್. ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಹಾಕಲ್ಲ ಅಂತಾರೆ. "ನನ್ನ ಕಾಲಿಗೆ ಏನೂ ಆಗಲ್ಲ, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ" ಅಂತ ನಗ್ತಾರೆ.
(ಹುಬ್ಬಳ್ಳಿಯ ಓದುಗರು)

ಉತ್ತರ: ಅತ್ತೆಯವರ ಆ ಮಾತು ನಗುವ ಮಾತಲ್ಲ ತಂಗಿ. ಮುಳ್ಳು ಚುಚ್ಚಿದ್ದು ಗೊತ್ತಾಗದಿದ್ದರೆ ಕಾಲಿನ ನರಗಳ ಸ್ಪರ್ಶ ಕಡಿಮೆಯಾಗಿರಬಹುದು. ಟ್ರಿಪ್ಪಿಗೆ ಮುಂಚೆ ಒಮ್ಮೆ ಡಾಕ್ಟರಿಗೆ ಪಾದ ತೋರಿಸಿಕೊಂಡು ಬನ್ನಿ.

ಹವಾಯಿ ಚಪ್ಪಲಿ ಮನೆ ಹಿತ್ತಲಿಗೆ ಸರಿ. ಅದು ಜಾರದಂತೆ ಹಿಡಿಯೋಕೆ ಬೆರಳುಗಳು ಪ್ರತಿ ಹೆಜ್ಜೆಗೂ ಮುದುಡಿಕೊಳ್ಳಬೇಕು. ಬೆರಳ ಸಂದಿಯ ಪಟ್ಟಿ ಉಜ್ಜಿ ಗಾಯವಾದರೂ ಅವರಿಗೆ ತಿಳಿಯೋದಿಲ್ಲ. ಎಂಸಿಆರ್ ಚಪ್ಪಲಿ ಅಂತ ಕೇಳಿ, ಮೆತ್ತನೆಯ ರಬ್ಬರಿನ ಅಡಿ ಇರುವಂಥದ್ದು, ಶುಗರ್ ಇರುವವರಿಗೆ ಡಾಕ್ಟರುಗಳು ಅದನ್ನೇ ಹೇಳೋದು. ಹಿಂದೆ ಪಟ್ಟಿ ಇರಲಿ, ಮೇಲೆ ಅಂಟಿಸಿ ಬಿಚ್ಚುವ ವೆಲ್ಕ್ರೋ ಇರಲಿ. ಬಗ್ಗಿ ಬಕಲ್ ಹಾಕೋ ಕಷ್ಟ ಇಲ್ಲದಿದ್ದರೆ ಅವರೂ ಒಪ್ಪಬಹುದು. ನೋಡೋಕೆ ಚೆಂದ ಇರಲ್ಲ, ನಿಜ. ಸೀರೆ ನೆರಿಗೆ ಕೆಳಗೆ ಯಾರು ನೋಡ್ತಾರೆ ಬಿಡಿ.

ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರು ಕಟ್ಟಿದ ಆ ತೋಟದಲ್ಲಿ ಊರ ಮನೆ, ಸಂತೆ, ಹೊಲದ ಕೆಲಸ ಎಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಅಲ್ಲಿ ಯಾರೂ ಸರಸರ ನಡೆಯೋದಿಲ್ಲ. ಎರಡು ಹೆಜ್ಜೆ, ನಿಲ್ಲೋದು, ನೋಡೋದು, ಫೋಟೋ, ಮತ್ತೆ ಎರಡು ಹೆಜ್ಜೆ. ವಯಸ್ಸಾದವರಿಗೆ ಇದು ನಡಿಗೆಗಿಂತ ದಣಿವು. ನೆರಳು ಕಂಡಲ್ಲೆಲ್ಲ ಕೂರಿಸಿ. ಕೂತಾಗ ಚಪ್ಪಲಿ ಬಿಚ್ಚಿ ಒಳಗೆ ಕೈಯಾಡಿಸಿ, ಹರಳು ಸೇರಿದ್ದರೆ ಕೈಗೆ ಸಿಗುತ್ತೆ, ಅವರ ಕಾಲಿಗೆ ಸಿಗದಿರಬಹುದು.

ತ್ರಿಕೂಟೇಶ್ವರಕ್ಕೆ ಬೆಳಿಗ್ಗೆಯೇ ಹೋಗಿಬಿಡಿ. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ನೆಲ ಕಾದಿರುತ್ತೆ, ನಾವು ನೀವಾದರೆ ಹಾರಿ ಹಾರಿ ನೆರಳಿಗೆ ಓಡ್ತೀವಿ, ಸ್ಪರ್ಶ ಇಲ್ಲದವರು ಅಲ್ಲೇ ನಿಂತು ಕೈ ಮುಗಿಯುತ್ತಾರೆ. ಅಂಗಾಲು ಸುಟ್ಟಿದ್ದು ಮನೆಗೆ ಬಂದ ಮೇಲೆ ತಿಳಿಯುತ್ತೆ. ದಪ್ಪ ಸಾಕ್ಸ್ ಹಾಕಿಸಿ. ರಾತ್ರಿ ಮಲಗುವ ಮುಂಚೆ ನೀವೇ ಅವರ ಅಂಗಾಲು, ಬೆರಳ ಸಂದಿ ನೋಡಿ. ಸಣ್ಣ ಗಾಯ ಇದ್ದರೂ ಅರಿಶಿನ ಹಚ್ಚಿ ನೋಡೋಣ ಅಂತ ಕಾಯಬೇಡಿ, ಮಾರನೇ ದಿನವೇ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಕಾಲೇಜು ಹುಡುಗ ನಾನು. ಹೊಸ ಕೊಲ್ಹಾಪುರಿ ತಗೊಂಡಿದ್ದೀನಿ. ಜುಬ್ಬಾ ಮೇಲೆ ಅದನ್ನೇ ಹಾಕ್ಕೊಂಡು ಗೆಳೆಯರ ಜೊತೆ ವಾಟರ್ ಪಾರ್ಕಿಗೆ ಹೋಗಬಹುದಾ?
(ಧಾರವಾಡದ ಓದುಗರು)

ಉತ್ತರ: ಹೋಗಬಹುದು ತಮ್ಮಾ, ಬರುವಾಗ ಬರಿಗಾಲಲ್ಲಿ ಬರೋ ತಯಾರಿ ಇದ್ದರೆ!

ಕೊಲ್ಹಾಪುರಿ ಮೇಲೆ ನನಗೂ ಪ್ರೀತಿ ಇದೆ. ಹೆಸರು ಕೊಲ್ಹಾಪುರದ್ದಾದರೂ ಕಸುಬು ನಮ್ಮದೂ ಹೌದು. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ, ಅಂದರೆ ಇದು ಇಂಥ ಸೀಮೆಯದೇ ಕಸುಬು ಅನ್ನೋ ಸರ್ಕಾರಿ ಗುರುತು, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಅಂದರೆ ನಿಮ್ಮ ಜಿಲ್ಲೆಯ ಹೆಸರೂ ಅದರಲ್ಲಿದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಮೊಳೆ ಹೊಡೆಯದೆ ತೊಗಲಿನ ಎಳೆಯಲ್ಲೇ ಹೊಲಿಗೆ. ಅಂಚು ಹಿಡಿದು ನೋಡಿ, ಪದರ ಪದರವಾಗಿ ಕಾಣುತ್ತೆ. ಆ ಪದರಗಳಿಗೆ ನೀರು ಇಳಿದರೆ ಉಬ್ಬಿ ಬಾಯಿ ಬಿಡುತ್ತೆ, ಬಿಸಿಲಿಗಿಟ್ಟು ಒಣಗಿಸಿದರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತೆ. ಒದ್ದೆ ಟೈಲ್ಸ್ ಮೇಲೆ ತೊಗಲಿನ ಅಡಿ ಜಾರುವುದು ಬೇರೆ.

ಜೊತೆಗೆ ಅದು ಹೊಸದು, ಕಚ್ಚದೆ ಬಿಡಲ್ಲ. ಹೆಬ್ಬೆರಳಿನ ಉಂಗುಟ, ಮೇಲಿನ ಪಟ್ಟಿ, ಎರಡಕ್ಕೂ ಒಳಗಡೆಯಿಂದ ಔಡಲ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ ರಾತ್ರಿ ಬಿಡಿ, ಬೆಳಿಗ್ಗೆ ಬಟ್ಟೆಯಿಂದ ಒರೆಸಿ. ಸಂಜೆ ಹೊತ್ತು ಓಣಿಯಲ್ಲಿ ಹಾಕ್ಕೊಂಡು ತಿರುಗಿ ಪಳಗಿಸಿ. ಮದುವೆ, ಜಾತ್ರೆ, ಕಾಲೇಜಿನ ಸಾಂಪ್ರದಾಯಿಕ ದಿನ, ಅಲ್ಲೆಲ್ಲ ಅದು ರಾಜ. ವಾಟರ್ ಪಾರ್ಕಿಗೆ ಅಡಿಯಲ್ಲಿ ಗೀರು ಇರುವ, ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಸಾಕು. ಜುಬ್ಬಾನೂ ಅಲ್ಲಿ ನೀರಿಗಿಳಿಸೋಕೆ ಬಿಡಲಿಕ್ಕಿಲ್ಲ, ಅದು ಬೇರೆ ಮಾತು.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಮದುವೆಗೆ ಅಂತ ತಗೊಂಡ ಒಳ್ಳೆ ಬೂಟು, ಬಳಸಿದ್ದೇ ಕಡಿಮೆ, ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದೆ. ಮೊನ್ನೆ ಹಾಕ್ಕೊಂಡು ಹೊರಟರೆ ಬಸ್ ಸ್ಟ್ಯಾಂಡ್ ಮುಟ್ಟೋದ್ರಲ್ಲಿ ಅಡಿ ಪುಡಿಪುಡಿ ಆಗಿ ಉದುರಿತು. ಅಂಗಡಿಯವರು ಮೋಸ ಮಾಡಿದರಾ?
(ಹಾವೇರಿಯ ಓದುಗರು)

ಉತ್ತರ: ಮೋಸ ಅನ್ನೋಕಾಗಲ್ಲ ಸರ್. ನಿಮ್ಮ ಬೂಟಿನ ಅಡಿ ಪಿಯು ಇರಬೇಕು, ಪಾಲಿಯುರೆಥೇನ್ ಅಂತಾರಲ್ಲ, ಅದು. ಹಗುರ, ಮೆತ್ತಗೆ, ಹಾಕಿಕೊಂಡರೆ ಸುಖ. ಆದರೆ ಗಾಳಿಯಲ್ಲಿರುವ ತೇವವೇ ಅದನ್ನು ನಿಧಾನವಾಗಿ ಒಳಗಿಂದ ಮುರಿಯುತ್ತಾ ಹೋಗುತ್ತೆ. ನೀವು ಹಾಕಿದರೂ ಅಷ್ಟೇ, ಎತ್ತಿಟ್ಟರೂ ಅಷ್ಟೇ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟರೆ ಒಳಗಿನ ತೇವ ಹೊರಗೆ ಹೋಗೋಕೂ ದಾರಿ ಇಲ್ಲ.

ಮನೆಯಲ್ಲಿ ಎತ್ತಿಟ್ಟ ಬೇರೆ ಜೋಡಿಗಳಿದ್ದರೆ ಪ್ರಯಾಣಕ್ಕೆ ಮುಂಚೆ ಹೆಬ್ಬೆರಳಿಂದ ಅಡಿಯ ಪಕ್ಕವನ್ನು ಒತ್ತಿ ನೋಡಿ. ಸಣ್ಣ ಬಿರುಕು ಬಿಟ್ಟರೆ, ಪುಡಿ ಉದುರಿದರೆ ಅಥವಾ ಅಂಟಂಟಾಗಿದ್ದರೆ ಅದರ ಕಥೆ ಮುಗೀತು. ಯಾವ ಹೊಲಿಗೆಗೂ ಅದು ನಿಲ್ಲಲ್ಲ, ದಾರ ಹಿಡಿಯೋಕೆ ಗಟ್ಟಿ ಜಾಗವೇ ಇರಲ್ಲ. ಬರೀ ಅಂಟು ಬಿಟ್ಟು ಅಡಿ ಬಾಯಿ ತೆರೆದಿದ್ದರೆ ಬೇರೆ, ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವವರು ಸುತ್ತಲೂ ಹೊಲಿಗೆ ಹಾಕಿಕೊಟ್ಟರೆ ಇನ್ನೊಂದು ವರ್ಷ ಬರುತ್ತೆ. ಕೊಳ್ಳುವಾಗ ರಬ್ಬರ್ ಅಥವಾ ಇವಿಎ (ಹಗುರ ಫೋಮಿನಂಥದ್ದು) ಅಡಿ ಕೇಳಿ, ಅವಕ್ಕೆ ಈ ರೋಗ ಇಲ್ಲ. ಆಗಾಗ ಹಾಕ್ಕೊಳ್ಳಿ. ಬೂಟನ್ನು ಬಂಗಾರದ ಥರ ಎತ್ತಿಡೋದ್ರಲ್ಲಿ ಅರ್ಥ ಇಲ್ಲ.

ಪ್ರಶ್ನೆ: ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಮೊಳೆ ಹೊಡೆದಂಗೆ ನೋವು. ಆಮೇಲೆ ಸರಿಹೋಗುತ್ತೆ. ಟ್ರಿಪ್ಪಿಗೆ ಹೋಗಲಾ ಬೇಡವಾ?
(ರಾಣೆಬೆನ್ನೂರಿನ ಓದುಗರು)

ಉತ್ತರ: ಹೋಗಿ, ಆದರೆ ತೆಳು ಚಪ್ಪಲಿಯಲ್ಲಿ ಬೇಡ. ಅಂಗಾಲಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿ ಹಿಮ್ಮಡಿ ಹತ್ತಿರ ಬಾತಾಗ ಹೀಗೆ ಆಗೋದು ಸಾಮಾನ್ಯ. ನಿಮ್ಮ ಮನೆಯಲ್ಲಿ ಶಹಾಬಾದಿ ಫರ್ಸಿ ಕಲ್ಲಿನ ನೆಲ ಇದೆಯಾ? ಇಡೀ ದಿನ ಅದರ ಮೇಲೆ ಬರಿಗಾಲಲ್ಲಿ ಅಡುಗೆ, ಕಸ, ನೀರು ಅಂತ ಓಡಾಡಿದರೆ ನೋವು ಹೆಚ್ಚುತ್ತೆ. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ. ಹಾಸಿಗೆಯಿಂದ ಇಳಿಯುವ ಮೊದಲೇ ಬೆರಳುಗಳನ್ನು ಕೈಯಿಂದ ನಿಮ್ಮ ಕಡೆ ಎಳೆದು ಹಿಡಿದುಕೊಳ್ಳಿ. ತಣ್ಣನೆ ನೀರಿನ ಬಾಟಲಿ ಮೇಲೆ ಅಂಗಾಲು ಹೊರಳಿಸಿ. ಕೆಲವು ವಾರಕ್ಕೂ ಕಡಿಮೆಯಾಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಬೂಟು ಪ್ರತಿ ಸಲ ಬಿಗಿ. ನನ್ನ ನಂಬರ್ 8 ಅಂತ ಖಚಿತ ಗೊತ್ತು.
(ಹುಬ್ಬಳ್ಳಿಯ ಓದುಗರು)

ಉತ್ತರ: ಯಾವ 8? ನಮ್ಮ ಅಂಗಡಿಗಳಲ್ಲಿ ಕೊಡೋದು ಯುಕೆ ನಂಬರ್. ಗಂಡಸರ ಬೂಟಿನಲ್ಲಿ ಯುಕೆ 8 ಅಂದರೆ ಸಾಮಾನ್ಯವಾಗಿ ಯುಎಸ್ 9. ನೀವು ಯುಎಸ್ 8 ಒತ್ತಿದ್ದರೆ ಒಂದು ಸೈಜ್ ಚಿಕ್ಕದೇ ಬರುತ್ತೆ. ಸಂಜೆ ಹೊತ್ತು, ಕಾಲು ಬಾತಿರುವಾಗ, ಕಾಗದದ ಮೇಲೆ ನಿಂತು ಎರಡೂ ಪಾದ ಗೀಚಿಸಿ ಅಳೆಯಿರಿ. ಎರಡೂ ಒಂದೇ ಅಳತೆ ಇರೋದು ಅಪರೂಪ, ದೊಡ್ಡದಕ್ಕೆ ತರಿಸಿ. ಬಂದ ಮೇಲೆ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಬೂಟನ್ನು ಕೈಯಲ್ಲಿ ಮಡಿಸಿ ನೋಡಿ, ಬೆರಳು ಶುರುವಾಗುವಲ್ಲಿ ಬಾಗಬೇಕು. ನಟ್ಟನಡುವೆ ಮಡಿಸಿಕೊಂಡರೆ ವಾಪಸ್ ಕಳಿಸಿ.

ಪ್ರಶ್ನೆ: ಹೊಸ ಬೂಟು ರೂಢಿ ಮಾಡ್ಕೋಬೇಕು ಅಂತೀರಿ. ನಮ್ಮ ಓಣಿಯಲ್ಲಿ ಗುಂಡಿ, ಧೂಳು, ನಾಯಿ. ಎಲ್ಲಿ ನಡೀಲಿ?
(ಹುಬ್ಬಳ್ಳಿಯ ಇನ್ನೊಬ್ಬ ಓದುಗರು)

ಉತ್ತರ: ಉಣಕಲ್ ಕೆರೆ ದಂಡೆ ಹತ್ತಿರ ಇದ್ದರೆ ಅಲ್ಲಿ. ಧಾರವಾಡದ ಕಡೆಯವರಿಗೆ ವಿಶ್ವವಿದ್ಯಾಲಯದ ಆವರಣ ಇದೆ, ಏರು ಇಳಿವು ಎರಡೂ ಸಿಗುತ್ತೆ. ಪಾರ್ಕಿನಂಥ ಗಟ್ಟಿ ನೆಲದ ಮೇಲೇ ಪರೀಕ್ಷೆ ಮಾಡಬೇಕು ಅಂದರೆ ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಹೋಗಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅಲ್ಲಿನ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್, ಒಮ್ಮೆ ಹೋಗಿ ಬಂದರೆ 3 ಕಿಲೋಮೀಟರ್ ಆಯ್ತು. ಎಲ್ಲಿ ಕಚ್ಚುತ್ತೆ ಅಂತ ಅಷ್ಟರಲ್ಲಿ ತಿಳಿಯುತ್ತೆ. ಪ್ಲಾಟ್‌ಫಾರ್ಮ್ ಟಿಕೆಟ್ ಮರೀಬೇಡಿ, ಅದು ಎರಡು ತಾಸಿಗೆ ಮಾತ್ರ.