ಸಾಫ್ಟ್‌ವೇರ್ ಕೊಳ್ಳುವ ಮುಂಚೆ ರೆಕಾರ್ಡ್ ಬಿಚ್ಚಿ ನೋಡಿ

ಪ್ರಶ್ನೆ: ಮೂರು ಡಿಜಿಟಲ್ ಲೈಬ್ರರಿಗಳ ರೆಕಾರ್ಡ್‌ಗಳನ್ನು (ಪ್ರತಿ ಪುಸ್ತಕದ ವಿವರಗಳನ್ನು) ಓಎಐ-ಪಿಎಂಎಚ್ ಎಂಬ ಪ್ರೊಟೊಕಾಲ್ (ರೆಕಾರ್ಡ್ ತರಿಸಿಕೊಳ್ಳುವ ನಿಯಮಾವಳಿ) ಮೂಲಕ ಒಂದೇ ಕಡೆ ತಂದಿದ್ದೇವೆ. ಆದರೂ ಲೇಖಕರ ಹೆಸರು ಹಾಕಿದರೆ ಅರ್ಧ ಪುಸ್ತಕ ಸಿಗುವುದಿಲ್ಲ, ಇಸವಿಗಳೂ ತಪ್ಪು. ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ಉತ್ತರ: ಯಾವುದೂ ಬೇಡ. ಈ ಪ್ರಶ್ನೆ ಪದೇ ಪದೇ ಬರುತ್ತದೆ, ಪ್ರತಿ ಸಲವೂ ಬೇಜಾರಾಗುತ್ತದೆ, ಯಾಕಂದ್ರೆ ಅಷ್ಟು ಹೊತ್ತಿಗೆ ಯಾರೋ ಮಾರುವವರು ಬಂದು ‘ನಮ್ಮದು ಎಲ್ಲ ಪ್ರೊಟೊಕಾಲ್‌ಗೂ ಹೊಂದುತ್ತದೆ’ ಎಂದು ನಂಬಿಸಿ ಹೋಗಿರುತ್ತಾರೆ. ಪ್ರೊಟೊಕಾಲ್ ರೆಕಾರ್ಡನ್ನು ಅಲ್ಲಿಂದ ಇಲ್ಲಿಗೆ ತರುತ್ತದೆ, ಅಷ್ಟೇ. ಒಳಗೆ ಯಾರು ಏನು ಬರೆದಿದ್ದಾರೆ ಅನ್ನುವುದನ್ನು ಅದು ನೋಡುವುದಿಲ್ಲ.

ಮೊದಲು ಇಸವಿ. ಡೇಟ್‌ಸ್ಟ್ಯಾಂಪನ್ನು ಎತ್ತಿ ಪ್ರಕಟಣೆಯ ವರ್ಷದ ಜಾಗಕ್ಕೆ ಹಾಕಿದ್ದೀರಾ ನೋಡಿ. ಅದು ರೆಕಾರ್ಡನ್ನು ಕೊನೆಯದಾಗಿ ಮುಟ್ಟಿದ ದಿನ. 1950ರ ಪುಸ್ತಕದ ರೆಕಾರ್ಡಿನಲ್ಲಿ ಮೊನ್ನೆ ಒಂದು ಅಕ್ಷರ ತಿದ್ದಿದರೂ ಅಲ್ಲಿ ಮೊನ್ನೆಯ ತಾರೀಕೇ ಇರುತ್ತದೆ. ಪ್ರಕಟಣೆಯ ವರ್ಷ ಡಬ್ಲಿನ್ ಕೋರ್ ಎಂಬ ಸರಳ ವಿವರ ಮಾದರಿಯ ಡೇಟ್ ಫೀಲ್ಡಿನಲ್ಲಿ ಇರಬೇಕು, ಆದರೆ ಕೆಲವರು ಅಲ್ಲೂ ಸ್ಕ್ಯಾನ್ ಮಾಡಿದ ದಿನ ಹಾಕಿರುತ್ತಾರೆ.

ಲೇಖಕರದು ಇನ್ನೂ ಸಿಕ್ಕು. ಮಾರ್ಕ್ ಎಂಬ ಲೈಬ್ರರಿ ಕ್ಯಾಟಲಾಗ್ ಮಾದರಿಯ ರೆಕಾರ್ಡಿನಲ್ಲಿ ಮುಖ್ಯ ಲೇಖಕರು 100ನೇ ಫೀಲ್ಡಿನಲ್ಲಿ, ಸಹಲೇಖಕರು, ಸಂಪಾದಕರು, ಅನುವಾದಕರು 700ರಲ್ಲಿ. ಅದನ್ನೆಲ್ಲ ಡಬ್ಲಿನ್ ಕೋರ್‌ನ 15 ಫೀಲ್ಡ್‌ಗಳಿಗೆ ಇಳಿಸುವಾಗ ಒಬ್ಬರು 700ನ್ನು ಕ್ರಿಯೇಟರ್‌ (ಕರ್ತೃ) ಫೀಲ್ಡಿಗೆ ಹಾಕುತ್ತಾರೆ, ಇನ್ನೊಬ್ಬರು ಕಾಂಟ್ರಿಬ್ಯೂಟರ್‌ (ನೆರವಾದವರು) ಫೀಲ್ಡಿಗೆ. ನಿಮ್ಮ ಹುಡುಕಾಟ ಕ್ರಿಯೇಟರ್ ಒಂದನ್ನೇ ನೋಡಿದರೆ ಉಳಿದವರು ಸಿಗುವುದು ಹೇಗೆ? ಜೊತೆಗೆ ಕಾಗುಣಿತ. ಚೈಕೋವ್‌ಸ್ಕಿ ಹೆಸರು ಇಂಗ್ಲಿಷ್‌ನಲ್ಲಿ ಒಂದು ಕಡೆ ‘ಟಿ’ಯಿಂದ ಶುರುವಾದರೆ ಇನ್ನೊಂದು ಕಡೆ ‘ಸಿ’ಯಿಂದ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಜನ. ಇಂಥ ಹೆಸರುಗಳನ್ನು ಜೋಡಿಸಲೆಂದೇ ವಿಐಎಎಫ್ ಎಂಬ ಅಂತರರಾಷ್ಟ್ರೀಯ ಹೆಸರುಪಟ್ಟಿ ಇದೆ, ಬಳಸಿ.

ಪ್ರತಿ ಲೈಬ್ರರಿಯಿಂದ 50 ರೆಕಾರ್ಡ್ ತೆಗೆದು ಪಕ್ಕಪಕ್ಕ ಇಟ್ಟು, ಕಣ್ಣಿಂದಲೇ ನೋಡಿ, ಯಾವ ಫೀಲ್ಡ್ ಎಲ್ಲಿಗೆ ಹೋಗಬೇಕು ಎಂದು ಬರೆದಿಟ್ಟುಕೊಳ್ಳಿ. ಓಎಐ-ಪಿಎಂಎಚ್‌ನಲ್ಲಿ ಡಬ್ಲಿನ್ ಕೋರ್ ಕಡ್ಡಾಯ, ಆದರೆ ಅದೊಂದೇ ಅಲ್ಲ. ಅವರ ಸರ್ವರ್‌ಗೆ ‘ಲಿಸ್ಟ್‌ಮೆಟಾಡೇಟಾಫಾರ್ಮ್ಯಾಟ್ಸ್’ (ಯಾವ ಯಾವ ಮಾದರಿಯಲ್ಲಿ ಕೊಡುತ್ತೀರಿ) ಎಂದು ಕೇಳಿ, ಮಾರ್ಕ್ ಸಿಕ್ಕರೆ ಅದನ್ನೇ ತನ್ನಿ. ಬಂದ ಮೂಲ ರೆಕಾರ್ಡನ್ನು ಮಾತ್ರ ತಿದ್ದಬೇಡಿ, ಹಾಗೇ ಎತ್ತಿಡಿ. ಶೀರ್ಷಿಕೆ ಒಂದೇ ಇದೆ ಅಂತ ಎರಡು ರೆಕಾರ್ಡನ್ನು ಸುಮ್ನೆ ಸೇರಿಸಲೂಬೇಡಿ. ಬೇರೆ ಬೇರೆ ಸಂಪುಟಗಳು ಒಂದಾಗಿಬಿಟ್ಟರೆ ಆಮೇಲೆ ಬಿಡಿಸುವ ಕಷ್ಟ ನಾನು ನೋಡಿದ್ದೇನೆ.

ಪ್ರಶ್ನೆ: ಫೀಲ್ಡ್ ಹೊಂದಿಸುವ ಕೆಲಸ ಎಐಗೆ ಬಿಡಬಹುದಲ್ವಾ?

ಉತ್ತರ: ಅದು ಊಹಿಸುತ್ತದೆ. ನೀವು ನೋಡದೆ ಒಪ್ಪಬೇಡಿ.

ಪ್ರಶ್ನೆ: ಝಡ್39.50 (ಬೇರೆ ಲೈಬ್ರರಿಯ ಕ್ಯಾಟಲಾಗ್ ಹುಡುಕುವ ಪ್ರೊಟೊಕಾಲ್) ಹಳೆಯದು, ತೆಗೆದುಬಿಡೋಣವಾ?

ಉತ್ತರ: ಎದುರಿನ ಲೈಬ್ರರಿಗೆ ಅದೊಂದೇ ಗೊತ್ತಿದ್ದರೆ ತೆಗೆಯಬೇಡಿ.

ಪ್ರಶ್ನೆ: ಅವರು ಅಳಿಸಿದ ರೆಕಾರ್ಡ್ ನಮ್ಮಲ್ಲಿ ಇನ್ನೂ ಕಾಣುತ್ತಿದೆ.

ಉತ್ತರ: ಬಹುಶಃ ಅವರ ಸರ್ವರ್ ಅಳಿಸಿದ್ದರ ಲೆಕ್ಕ ಇಡುತ್ತಿಲ್ಲ. ಆಗಾಗ ಎಲ್ಲವನ್ನೂ ಮೊದಲಿನಿಂದ ತಂದು ಹೋಲಿಸಿ.