ಕಾವಿಗೆ ಕೂತ ಕೋಳಿಯ ಗೂಡಿಗೆ ಬೇರೆ ಕೋಳಿಗಳೂ ಬಂದು ಮೊಟ್ಟೆ ಇಟ್ಟರೆ

ಹನ್ನೆರಡು ಮೊಟ್ಟೆ ಇಟ್ಟು ಕೂರಿಸಿದ್ದೆ, ಕೊನೆಗೆ ಎಣಿಸಿದರೆ ಹತ್ತೊಂಬತ್ತು, ಮರಿಯಾಗಿದ್ದು ನಾಲ್ಕೇ, ಉಳಿದವನ್ನು ಬಿಟ್ಟು ಕೋಳಿ ಎದ್ದುಹೋಯಿತು ಅಂತ ಬರೆದಿದ್ದೀರಿ. ತಪ್ಪು ಕೋಳಿಯದಲ್ಲ, ಜಾಗದ್ದು. ಎಲ್ಲ ಕೋಳಿಗಳೂ ಮೊಟ್ಟೆ ಇಡುವ ಗೂಡಲ್ಲೇ ಕಾವಿಗೆ ಬಿಟ್ಟರೆ ಹೀಗೇ ಆಗುತ್ತದೆ. ಮೊಟ್ಟೆ ಮರಿಯಾಗಲು ಬೇಕಾದ 21 ದಿನದ ಲೆಕ್ಕ ಪ್ರತಿ ಮೊಟ್ಟೆಗೂ ಬೇರೆ. ಹತ್ತನೇ ದಿನ ಬಂದು ಸೇರಿದ ಮೊಟ್ಟೆ, ಮೊದಲ ಮರಿ ಹೊರಬರುವಾಗ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ತಾಯಿ ಒಂದೆರಡು ದಿನ ನೋಡಿ ಮರಿಗಳ ಹಿಂದೆ ಹೊರಡುತ್ತಾಳೆ. ಇನ್ನೊಂದು ಕಾರಣವೂ ಇದೆ. ಹತ್ತೊಂಬತ್ತು ಮೊಟ್ಟೆ ಅವಳ ಮೈಯಡಿ ಹಿಡಿಸುವುದಿಲ್ಲ. ಅಂಚಿನವು ತಣ್ಣಗಾಗುತ್ತವೆ, ಅವಳು ಕೊಕ್ಕಿನಿಂದ ಒಳಗಿನವನ್ನು ಹೊರಗೆ, ಹೊರಗಿನವನ್ನು ಒಳಗೆ ಉರುಳಿಸುತ್ತಲೇ ಇರುತ್ತಾಳೆ. ಹಾಗಾಗಿ ಒಂದೊಂದಾಗಿ ಹೆಚ್ಚಿನವು ತಣ್ಣಗಾಗಿ ಕೆಡುತ್ತವೆ. ನಾಟಿ ಹೇಂಟೆಗೆ 10–12 ಸಾಕು.

ಕಾವಿನ ಪೆಟ್ಟಿಗೆ ಬೇರೆಯೇ ಇರಲಿ, ನೆಲದ ಮೇಲೇ ಇರಲಿ. ಎತ್ತರದಲ್ಲಿದ್ದರೆ ಮರಿ ಕೆಳಗೆ ಬೀಳುತ್ತದೆ. 35–40 ಸೆಂ.ಮೀ. ಚೌಕ, ಮುಂದೆ ಒಂದು ಗೇಣಿಗಿಂತ ಕಡಿಮೆ ಎತ್ತರದ ತಡೆಪಟ್ಟಿ. ತಳಕ್ಕೆ ಸ್ವಲ್ಪ ಮಣ್ಣು, ಮೇಲೆ ಒಣಹುಲ್ಲು ಹಾಕಿ ಮುಷ್ಟಿಯಿಂದ ಒತ್ತಿ ತಟ್ಟೆಯಷ್ಟು ತಗ್ಗು ಮಾಡಿ. ತಗ್ಗು ಜಾಸ್ತಿಯಾದರೆ ಮೊಟ್ಟೆಗಳು ಒಂದರ ಮೇಲೊಂದು ಏರಿ ಒಡೆಯುತ್ತವೆ, ಸಪಾಟಾಗಿದ್ದರೆ ಮೂಲೆಗೆ ಉರುಳುತ್ತವೆ. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ, ಮರಿಯ ಶ್ವಾಸಕೋಶಕ್ಕೆ ಹೊಡೆತ.

ಕೋಳಿಯನ್ನು ಹಗಲಲ್ಲಿ ಎತ್ತಿಟ್ಟರೆ ಹಳೆಯ ಗೂಡಿಗೇ ಓಡುತ್ತದೆ. ಪೂರ್ತಿ ಕತ್ತಲಾದ ಮೇಲೆ ಸಾಗಿಸಿ, ಅಡಿಗೆ ಎರಡು ಮೂರು ಬೇಡದ ಮೊಟ್ಟೆ ಇಟ್ಟು, ಮುಂದೆ ಜಾಲರಿ ಹಾಕಿ. ಎರಡು ದಿನ ಗಟ್ಟಿಯಾಗಿ ಕೂತರೆ ಮಾತ್ರ ಅವನ್ನು ತೆಗೆದು ಒಳ್ಳೆಯ ಮೊಟ್ಟೆ ಎಲ್ಲವನ್ನೂ ಒಂದೇ ರಾತ್ರಿ ಇಡಿ. ಇಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು, ಫ್ರಿಜ್‌ನದ್ದಾಗಿರಬಾರದು, ತೊಳೆದಿರಬಾರದು. ತೊಳೆದರೆ ಚಿಪ್ಪಿನ ರಕ್ಷಣೆಯ ಪೊರೆ ಹೋಗುತ್ತದೆ. ಪ್ರತಿಯೊಂದಕ್ಕೂ ಸುತ್ತ ಪೆನ್ಸಿಲ್ ಗೆರೆ ಎಳೆದಿಡಿ. ಗೆರೆಯಿಲ್ಲದ್ದು ಕಂಡರೆ ಅದೇ ದಿನ ಹೊರಗೆ.

ದಿನಕ್ಕೊಮ್ಮೆ 15–20 ನಿಮಿಷ ಅವಳು ಎದ್ದು ಕಾಳು ತಿಂದು, ನೀರು ಕುಡಿದು, ಮಣ್ಣಲ್ಲಿ ಹೊರಳಬೇಕು. ದೊಡ್ಡ, ಗಬ್ಬು ವಾಸನೆಯ ಹಿಕ್ಕೆ ಹಾಕಿದರೆ ಗಾಬರಿಯಾಗಬೇಡಿ, ಕಾವಿನ ಕೋಳಿಗೆ ಅದು ಸಹಜ. ಏಳದಿದ್ದರೆ ನೀವೇ ಎತ್ತಿ. ಆದರೆ ಮೊದಲು ಎರಡೂ ರೆಕ್ಕೆ ಬಿಡಿಸಿ ನೋಡಿ, ರೆಕ್ಕೆಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದ್ದರೆ ಎತ್ತಿದ ಕೂಡಲೇ ಬಿದ್ದು ಒಡೆಯುತ್ತದೆ.

ಕಾರಣವಿಲ್ಲದೆ ಗೂಡು ಬಿಡುತ್ತಿದ್ದರೆ ರಾತ್ರಿ ಟಾರ್ಚ್ ಹಿಡಿದು ಪೆಟ್ಟಿಗೆಯ ಸಂದುಗಳನ್ನು ನೋಡಿ. ಕೆಂಪು ಚುಕ್ಕೆಗಳು ಹರಿದಾಡುತ್ತಿದ್ದರೆ ಅದು ರಕ್ತ ಹೀರುವ ನುಸಿ. ಹಗಲು ಅಡಗಿದ್ದು ರಾತ್ರಿ ಕೋಳಿ ಮೇಲೆ ಹತ್ತುತ್ತದೆ. ಹುಲ್ಲು ಸುಟ್ಟು, ಪೆಟ್ಟಿಗೆ ಬದಲಿಸಿ. ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ.

ಏಳನೇ ರಾತ್ರಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದರೆ ಜೇಡದ ಕಾಲಿನಂಥ ಕೆಂಪು ರಕ್ತನಾಳ ಕಾಣಬೇಕು. ತಿಳಿಯಾಗಿದ್ದರೆ ಗೊಡ್ಡು, ರಕ್ತದ ಉಂಗುರ ಕಂಡರೆ ಸತ್ತದ್ದು. ಕೊಳೆತ ವಾಸನೆ ಬಂದದ್ದನ್ನು ತಕ್ಷಣ ತೆಗೆಯಿರಿ, ಸಿಡಿದರೆ ಉಳಿದವೂ ಹಾಳು. 18ನೇ ದಿನದಿಂದ ಮುಟ್ಟಬೇಡಿ. ಚಿಪ್ಪು ಬಿರಿದ ಮೇಲೂ ಮರಿ ಹೊರಬರಲು ಒಂದು ದಿನ ಹಿಡಿಯಬಹುದು. ಕನಿಕರದಿಂದ ಚಿಪ್ಪು ಸುಲಿದರೆ ಇನ್ನೂ ಒಣಗದ ರಕ್ತನಾಳ ಹರಿದು ಮರಿ ಸಾಯಬಹುದು.

ಮೊದಲ ಎರಡು ದಿನ ಮರಿಗೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಆಹಾರ, ಹಾಗಾಗಿ ತಡವಾದವುಗಳಿಗೆ ಕಾಯಬಹುದು. ಆಮೇಲೆ ಮರಿ ಫೀಡನ್ನೇ ಕೊಡಿ, ಮೊಟ್ಟೆ ಕೋಳಿಯ ಫೀಡ್ ಬೇಡ. ಅದರ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡಕ್ಕೆ ಕೆಡುಕು. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ, ಮರಿ ಮುಳುಗದಂತೆ ಒಳಗೆ ಬೆಣಚುಕಲ್ಲು ಇರಲಿ.

ಈಗ ನಿಮ್ಮಲ್ಲಿ ಮೂರು ಕೋಳಿ ಕಾವಿಗೆ ಬಂದಿವೆ ಅಂದಿರಲ್ಲ, ಮೂರಕ್ಕೂ ಒಂದೇ ರಾತ್ರಿ ಮೊಟ್ಟೆ ಇಡಿ, ಗೂಡು ಅದಲುಬದಲಾಗದಂತೆ ನಡುವೆ ಅಡ್ಡ ಕಟ್ಟಿ. ಏಳನೇ ದಿನ ಗೊಡ್ಡು ತೆಗೆದ ಮೇಲೆ ಉಳಿದ ಮೊಟ್ಟೆ ಎರಡು ಕೋಳಿಗೆ ಸಾಲುವಷ್ಟೇ ಇದ್ದರೆ ಅಲ್ಲಿಗೇ ಸೇರಿಸಿ. ಮೂರನೆಯದನ್ನು ತಂತಿ ತಳದ ಪಂಜರದಲ್ಲಿ, ಹುಲ್ಲಿಲ್ಲದೆ, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಕಾವು ಇಳಿಯುತ್ತದೆ.